ಜೋಡಿ ಎಲೆಗಳ ಬಲಾಬಲ

ಗೋಕಾಕ–ಮೂಡಲಗಿ ಸೀಮೆಯ ಮಸಗುಪ್ಪಿಯಲ್ಲಿ ಇಬ್ಬರು ವಿದ್ಯಾರ್ಥಿಗಳು ರಜೆಯ ಒಂದು ಮಧ್ಯಾಹ್ನ ಎಲೆಯಾಟಕ್ಕೆ ಕುಳಿತಿರುವರೆಂದು ಭಾವಿಸೋಣ. ಅವರ ಮುಂದಿರುವುದು ಇಸ್ಪೀಟಿನ ಕಟ್ಟಲ್ಲ. ಮಾಂತ್ರಿಕರು, ರಾಕ್ಷಸರು, ಉಗುಳುವ ಬೆಂಕಿ, ಮಾಯೆಯ ಹೂವು ಮೊದಲಾದವು ಚಿತ್ರಿತವಾಗಿರುವ ಹೊಸ ಬಗೆಯ ಎಲೆಗಳು. ಮೊದಲನೆಯ ಸುತ್ತಿನಲ್ಲಿಯೇ ಹಿರಿಯನು ಎರಡು ಮೂರು ಎಲೆಗಳನ್ನು ಒಂದರ ಹಿಂದೊಂದು ಇಳಿಸಿ ಆಟವನ್ನು ಮುಗಿಸುತ್ತಾನೆ. "ಅಣ್ಣಾ, ನಿನ್ನ ನಸೀಬ ಭಾಳ ಛಲೋ ಐತಿ" ಎಂದು ಕಿರಿಯನು ಕೈಚೆಲ್ಲುತ್ತಾನೆ. ಅಣ್ಣನು ಸುಮ್ಮನೆ ನಗುತ್ತಾನೆ. ಹಿಂದಿನ ರಾತ್ರಿ ತನ್ನ ಕಟ್ಟಿನಲ್ಲಿ ಯಾವ ಎಲೆ ಎಷ್ಟಿರಬೇಕೆಂದು ಆತನು ಎಣಿಸಿ ಜೋಡಿಸಿದ್ದನೆಂಬುದು ತಮ್ಮನಿಗೆ ತಿಳಿಯದು. ಇದರಲ್ಲಿ ನಸೀಬಿನ ಪಾಲೆಷ್ಟು, ಲೆಕ್ಕದ ಪಾಲೆಷ್ಟು? ವಾಚಕರು ಕಾಗದ, ಪೆನ್ಸಿಲುಗಳನ್ನು ಕೈಗೆ ತೆಗೆದುಕೊಂಡರೆ ಈ ಪ್ರಶ್ನೆಯನ್ನು ನಾವು ಕೂಡಿಯೇ ಬಿಡಿಸಬಹುದು.

ಚಿತ್ರದೆಲೆಗಳ ಆಟ ನಮ್ಮ ನಾಡಿಗೆ ಹೊಸತೇನೂ ಅಲ್ಲ. ಬೆಳಗಾವಿಯಿಂದ ಪಶ್ಚಿಮಕ್ಕೆ ಹೊರಟು ಅಂಬೋಲಿಯ ಘಟ್ಟವನ್ನು ಇಳಿದರೆ ಸಾವಂತವಾಡಿ ಸಿಕ್ಕುತ್ತದೆ. ಗೋಕಾಕವು ಬಣ್ಣದ ಮರದ ಆಟಿಕೆಗಳಿಗೆ ಹೆಸರಾದಂತೆ ಸಾವಂತವಾಡಿಯು ಅರಗಿನ ಬಣ್ಣದ ಕೆಲಸಕ್ಕೂ ಗಂಜೀಫಾ ಎಂಬ ದುಂಡನೆಯ ಎಲೆಗಳಿಗೂ ಹೆಸರಾಗಿದೆ. ಗಂಜೀಫಾ ಆಟವು ಮೊಗಲರ ಕಾಲದಲ್ಲಿ ಭಾರತದಲ್ಲಿ ಹಬ್ಬಿತು. 1527ರಲ್ಲಿ ಬಾಬರನು ತನ್ನ ಮಿತ್ರನೊಬ್ಬನಿಗೆ ಈ ಎಲೆಗಳನ್ನು ಕಳುಹಿಸಿಕೊಟ್ಟ ಸಂಗತಿ ದಾಖಲೆಯಲ್ಲಿದೆ. ಕಾಲಕ್ರಮದಲ್ಲಿ ಆ ಎಲೆಗಳ ಮೇಲೆ ವಿಷ್ಣುವಿನ ಹತ್ತು ಅವತಾರಗಳು ಬಂದು ಕುಳಿತವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ ಈ ಆಟದಲ್ಲಿ ಅಪಾರವಾದ ಆಸಕ್ತಿಯಿದ್ದಿತು. ಅವರ ಶ್ರೀತತ್ತ್ವನಿಧಿಯ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ 'ಛಾದ' ಎಂಬ ಹೆಸರಿನ ಹಲವು ಎಲೆಯಾಟಗಳು ವರ್ಣಿತವಾಗಿವೆ. ಅವುಗಳಲ್ಲಿ ಕೆಲವಕ್ಕೆ 300ಕ್ಕೂ ಹೆಚ್ಚು ಎಲೆಗಳು ಬೇಕು! ಅಷ್ಟು ಎಲೆಗಳನ್ನು ಕಲಸುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತಿದ್ದಿತೋ ಎಂದು ನಾವು ಬೆರಗಾಗಿದ್ದೇವೆ.

ದಶಾವತಾರದ ಕಟ್ಟಿನಲ್ಲಿ 120 ಎಲೆಗಳು. ಅವತಾರಕ್ಕೊಂದರಂತೆ ಹತ್ತು ಪಂಗಡಗಳು. ಪ್ರತಿಯೊಂದು ಪಂಗಡದಲ್ಲಿ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗಿನ ಅಂಕಿಯ ಎಲೆಗಳು. ಅಂಕಿಯ ಎಲೆಗಳ ತಾರತಮ್ಯದಲ್ಲಿ ಒಂದು ಸೊಗಸಿದೆ: ಐದು ಪಂಗಡಗಳಲ್ಲಿ ಮಂತ್ರಿಯ ಕೆಳಗೆ ಹತ್ತು ದೊಡ್ಡದು, ಉಳಿದ ಐದರಲ್ಲಿ ಒಂದು ದೊಡ್ಡದು. ಮೂವರು ಆಡಿದರೆ ಒಬ್ಬೊಬ್ಬನಿಗೆ 40 ಎಲೆ. ಹಗಲಾದರೆ ರಾಮನ ರಾಜನನ್ನು ಹಿಡಿದವನೂ ರಾತ್ರಿಯಾದರೆ ಕೃಷ್ಣನ ರಾಜನನ್ನು ಹಿಡಿದವನೂ ಆಟವನ್ನು ತೊಡಗಿಸುವುದು ವಾಡಿಕೆ.

ಇಲ್ಲಿ ಒಂಟಿ ಮಂತ್ರಿಗೆ ಬೆಲೆ ಕಡಿಮೆ. ಅವನ ರಾಜನು ಎದುರಾಳಿಯ ಕೈಯಲ್ಲಿರುವವರೆಗೂ ಅವನು ತಲೆಯೆತ್ತುವಂತಿಲ್ಲ. ಆದರೆ ರಾಜನೂ ಮಂತ್ರಿಯೂ ಒಂದೇ ಕೈಗೆ ಬಂದರೆ ಎರಡು ಸುತ್ತುಗಳು ಕಟ್ಟಿಟ್ಟ ಗಂಟು. ಹೀಗೆ ಬರುವ ಸಂಭವವೆಷ್ಟು? ರಾಜನು ನಮ್ಮ ಕೈಯಲ್ಲಿದ್ದಾನೆನ್ನೋಣ. ಮಿಕ್ಕ ಎಲೆಗಳು 119. ಅವುಗಳಲ್ಲಿ ನಮಗೆ ಬರತಕ್ಕವು 39. ಆದುದರಿಂದ ಅವನ ಮಂತ್ರಿಯೂ ನಮ್ಮಲ್ಲಿರುವ ಸಂಭವನೀಯತೆ 119ರಲ್ಲಿ 39, ಅಂದರೆ ಸುಮಾರು ಮೂರರಲ್ಲೊಂದು. ಹತ್ತು ಪಂಗಡಗಳನ್ನೂ ಲೆಕ್ಕಕ್ಕೆ ಹಿಡಿದರೆ ಪ್ರತಿಯೊಬ್ಬನ ಕೈಗೂ ಸರಾಸರಿ ಒಂದು ಜೋಡಿ ಬೀಳುತ್ತದೆ. ಯಾವ ಜೋಡಿಯೆಂಬುದು ಮಾತ್ರ ಹಂಚಿದ ಮೇಲೆಯೇ ತಿಳಿಯುವುದು. ಕಟ್ಟು ಎಲ್ಲರಿಗೂ ಒಂದೇ ಆಗಿರುವುದರಿಂದ ಅದನ್ನು ಮುಂಚಿತವಾಗಿ ತನಗೆ ಬೇಕಾದಂತೆ ತಿದ್ದಿಕೊಳ್ಳಲು ಯಾರಿಗೂ ಬರುವುದಿಲ್ಲ.

ಹೊಸ ಆಟಗಳು ಹಳೆಯವುಗಳಿಂದ ಬೇರೆಯಾಗುವುದು ಇಲ್ಲಿಯೇ. 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಆಟದಲ್ಲಿ ಪ್ರತಿಯೊಬ್ಬ ಆಟಗಾರನೂ ತನ್ನದೇ ಕಟ್ಟನ್ನು ಹೊತ್ತು ತರುತ್ತಾನೆ. ಮುಚ್ಚಿದ ಪೊಟ್ಟಣಗಳನ್ನು ಕೊಂಡು, ಗೆಳೆಯರೊಡನೆ ಅದಲುಬದಲು ಮಾಡಿ, ಸಾವಿರಾರು ಬಗೆಯ ಎಲೆಗಳಿಂದ ತನಗೆ ಬೇಕಾದುವನ್ನು ಆರಿಸಿಕೊಳ್ಳುತ್ತಾನೆ. ಇದನ್ನು ರೂಪಿಸಿದ ರಿಚರ್ಡ್ ಗಾರ್ಫೀಲ್ಡರು ವಿಕಲ್ಪಗಳ ಗಣಿತದಲ್ಲಿಯೇ ಡಾಕ್ಟರೇಟ್ ಪಡೆದವರೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಗಣಿತಜ್ಞನೇ ಕಟ್ಟಿದ ಆಟದಲ್ಲಿ ಗಣಿತದಿಂದಲೇ ಬಿರುಕು ಬಿಟ್ಟಿತು!

ಆ ಬಿರುಕಿನ ಪ್ರಸಿದ್ಧವಾದ ನಿದರ್ಶನವನ್ನು ನೋಡೋಣ. ಇಬ್ಬರಿಗೂ ಆರಂಭದಲ್ಲಿ 20 ಜೀವಾಂಕಗಳು. ಸೊನ್ನೆಗೆ ಇಳಿದವನು ಸೋತಂತೆ. ಎಲೆಯನ್ನು ಇಳಿಸಲು ಮಂತ್ರಶಕ್ತಿಯನ್ನು ತೆರಬೇಕು. 'ಮೌಂಟನ್' ಎಂಬ ಪರ್ವತದ ಎಲೆ ಒಂದು ಪಾಲು ಕೆಂಪು ಶಕ್ತಿಯನ್ನು ಕೊಡುತ್ತದೆ. 'ಬ್ಲ್ಯಾಕ್ ಲೋಟಸ್' ಎಂಬ ಕರಿಯ ಕಮಲವನ್ನು ಪುಕ್ಕಟೆಯಾಗಿ ಇಳಿಸಬಹುದು. ಅದನ್ನು ಬಲಿಕೊಟ್ಟರೆ ಒಂದೇ ಬಣ್ಣದ ಮೂರು ಪಾಲು ಶಕ್ತಿ ಲಭಿಸುತ್ತದೆ. 'ಚಾನೆಲ್' ಎಂಬ ಎಲೆಗೆ ಎರಡು ಪಾಲು ಹಸಿರು ಶಕ್ತಿಯ ಬೆಲೆ. ಆಮೇಲೆ ತನ್ನ ಒಂದೊಂದು ಜೀವಾಂಕವನ್ನು ಕೊಟ್ಟು ಒಂದೊಂದು ಪಾಲು ಶಕ್ತಿಯನ್ನು ಪಡೆಯಬಹುದು. 'ಫೈರ್‌ಬಾಲ್' ಎಂಬ ಬೆಂಕಿಯ ಉಂಡೆಗೆ ಒಂದು ಪಾಲು ಕೆಂಪು ಶಕ್ತಿ ಸಲ್ಲಬೇಕು. ಅದರ ಮೇಲೆ ಎಷ್ಟು ಪಾಲು ಸುರಿದರೆ ಎದುರಾಳಿಗೆ ಅಷ್ಟು ಏಟು.

ಬಿಡಿಯಾಗಿ ನೋಡಿದರೆ ಚಾನೆಲ್ ಹುಚ್ಚರ ಎಲೆಯಂತೆ ತೋರುತ್ತದೆ: ತನ್ನ ರಕ್ತವನ್ನು ತಾನೇ ಹರಿಸಿಕೊಳ್ಳುವವರುಂಟೆ? ಆದರೆ ನಾಲ್ಕನ್ನೂ ಕೂಡಿಸಿ ನೋಡಿರಿ. ಕಮಲದಿಂದ ಮೂರು ಪಾಲು ಹಸಿರು; ಚಾನೆಲ್‌ಗೆ ಎರಡು ಹೋದರೆ ಉಳಿಯಿತು ಒಂದು. 19 ಜೀವಾಂಕಗಳನ್ನು ಕೊಟ್ಟರೆ 19 ಪಾಲು. ಒಟ್ಟು 20. ಫೈರ್‌ಬಾಲ್‌ಗೆ ಬೇಕಾದ ಕೆಂಪು ಪಾಲನ್ನು ಪರ್ವತವು ಒದಗಿಸುತ್ತದೆ. ಎದುರಾಳಿಯ 20 ಜೀವಾಂಕಗಳೂ ಸುಟ್ಟುಹೋದವು. ನಮಗೆ ಒಂದು ಉಳಿಯಿತು. ಆಟ ಮೊದಲನೆಯ ಸುತ್ತಿನಲ್ಲಿಯೇ ಮುಗಿಯಿತು. ಎದುರಾಳಿ ತನ್ನ ಎಲೆಗಳನ್ನು ತಿರುಗಿಸಿ ನೋಡಿಯೂ ಇಲ್ಲ.

ಇಂಥ ಕೂಟವು ಎಷ್ಟು ಸಲ ಕೈಗೆ ಬಂದೀತು ಎಂಬುದೇ ಈಗ ಉಳಿದ ಪ್ರಶ್ನೆ. ಅದನ್ನು ಬಿಡಿಸುವ ಸೂತ್ರವು ನಮ್ಮ ನಾಡಿನಲ್ಲಿ ಸಾವಿರದ ನೂರು ವರ್ಷಗಳಿಗೂ ಹಿಂದೆ ಬರೆದಿಟ್ಟದ್ದು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಕವಿರಾಜಮಾರ್ಗವು ಹುಟ್ಟಿದ ಕಾಲದಲ್ಲಿ, ಮಹಾವೀರಾಚಾರ್ಯರು ಸುಮಾರು ಕ್ರಿ.ಶ. 850ರಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು. ಹಲವು ವಸ್ತುಗಳಲ್ಲಿ ಕೆಲವನ್ನು ಆರಿಸುವ ಬಗೆಗಳೆಷ್ಟೆಂಬುದಕ್ಕೆ ಅದರಲ್ಲಿ ಸಾಮಾನ್ಯ ಸೂತ್ರವಿದೆ. ಒಟ್ಟು ಸಂಖ್ಯೆಯಿಂದ ಇಳಿಯುತ್ತ ಬೇಕಾದಷ್ಟು ಅಂಕಿಗಳನ್ನು ಗುಣಿಸಿರಿ. ಒಂದರಿಂದ ಏರುತ್ತ ಅಷ್ಟೇ ಅಂಕಿಗಳ ಗುಣಲಬ್ಧದಿಂದ ಭಾಗಿಸಿರಿ. ಉಪ್ಪು, ಹುಳಿ, ಖಾರ ಮೊದಲಾದ ಆರು ರಸಗಳನ್ನು ಬಗೆಬಗೆಯಾಗಿ ಬೆರಸಿದರೆ 63 ರುಚಿಗಳಾಗುವುದು ಈ ಲೆಕ್ಕದಿಂದಲೇ.

ಭಾಗಿಸುವುದೇಕೆ ಎಂದು ಕೆಲವರು ಕೇಳಬಹುದು. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಒಂದು ಸುಂದರವಾದ ಪ್ರಶ್ನೆಯಿದೆ: ಹರಿಯ ನಾಲ್ಕು ಕೈಗಳಲ್ಲಿ ಶಂಖ, ಚಕ್ರ, ಗದೆ, ಪದ್ಮಗಳನ್ನು ಅದಲುಬದಲಾಗಿ ಇಟ್ಟರೆ ಎಷ್ಟು ರೂಪಗಳಾಗುವುವು? ಉತ್ತರ 24. ಯಾವ ಆಯುಧ ಯಾವ ಕೈಯಲ್ಲಿ ಎಂಬುದರಿಂದ ಮೂರ್ತಿಯ ಹೆಸರೇ ಬದಲಾಗುತ್ತದೆ. ಎಲೆಯಾಟದಲ್ಲಿ ಹಾಗಿಲ್ಲ, ಹಿಡಿದ ಎಲೆಗಳನ್ನು ಹೇಗೆ ಹೊಂದಿಸಿಕೊಂಡರೂ ಕೈ ಒಂದೇ. ಒಂದೇ ಕೈಯನ್ನು ಹಲವು ಸಲ ಎಣಿಸಿಬಿಟ್ಟ ತಪ್ಪನ್ನು ಮಹಾವೀರಾಚಾರ್ಯರ ಭಾಜಕವು ತಿದ್ದುತ್ತದೆ. ಮೊದಲನೆಯದು ಕ್ರಮಯೋಜನೆ, ಎರಡನೆಯದು ವಿಕಲ್ಪ.

ಮ್ಯಾಜಿಕ್ ಆಟದ ಕಟ್ಟಿನಲ್ಲಿ ಸಾಮಾನ್ಯವಾಗಿ 60 ಎಲೆಗಳು. ಆರಂಭದಲ್ಲಿ ಕೈಗೆ 7. ಸೂತ್ರದಂತೆ ಒಟ್ಟು ಕೈಗಳು 38,62,06,920. ಒಂದು ಎಲೆಯ ನಾಲ್ಕು ಪ್ರತಿಗಳು ಕಟ್ಟಿನಲ್ಲಿದ್ದರೆ, ಅವುಗಳಲ್ಲಿ ಒಂದಾದರೂ ಕೈಗೆ ಬರುವ ಸಂಭವ ಶೇಕಡಾ 40. ಎರಡು ಬಗೆಯ ಎಲೆಗಳು ನಾಲ್ಕು ನಾಲ್ಕಿದ್ದರೆ, ಎರಡೂ ಒಟ್ಟಿಗೆ ಬರುವ ಸಂಭವ ಶೇಕಡಾ 14.5. ಮೂರು ಬಗೆಯವಾದರೆ ಶೇಕಡಾ 4.7. ಆಟದ ಮೊದಲ ದಿನಗಳಲ್ಲಿ ಪ್ರತಿಗಳಿಗೆ ಮಿತಿಯೇ ಇರಲಿಲ್ಲ. ಹಣವುಳ್ಳವನು ಹತ್ತು ಕಮಲಗಳನ್ನಿಟ್ಟುಕೊಂಡರೂ ಕೇಳುವವರಿರಲಿಲ್ಲ. ಬಳಿಕ ಸ್ಪರ್ಧೆಗಳಲ್ಲಿ ಸಾಮಾನ್ಯ ಎಲೆಗಳಿಗೆ ನಾಲ್ಕು ಪ್ರತಿಗಳ ಮಿತಿ ಬಂದಿತು. 1994ರಲ್ಲಿ ಬ್ಲ್ಯಾಕ್ ಲೋಟಸನ್ನು ಒಂದೇ ಪ್ರತಿಗೆ ಕಟ್ಟಿಹಾಕಿದರು. ಮುಂದೆ ಚಾನೆಲ್ ಸಹ ಅದೇ ಪಟ್ಟಿಗೆ ಸೇರಿತು. ಎರಡೂ ಒಂದೊಂದೇ ಇದ್ದಾಗ ಅವು ಮೊದಲ ಕೈಯಲ್ಲಿ ಕೂಡುವ ಸಂಭವ ಶೇಕಡಾ 1.2. ಪ್ರತಿಗಳು ನಾಲ್ಕರಿಂದ ಒಂದಕ್ಕೆ ಇಳಿದರೆ ಜೋಡಿಯ ಸಂಭವ ನಾಲ್ಕನೆಯ ಒಂದಕ್ಕಲ್ಲ, ಹನ್ನೆರಡನೆಯ ಒಂದಕ್ಕೆ ಕುಸಿಯಿತು! ಎಲೆಯ ಮೇಲೆ ಬರೆದ ಒಂದಕ್ಷರವನ್ನೂ ಅಳಿಸದೆಯೇ ಅದರ ಬಲವನ್ನು ಮುರಿದ ಈ ಉಪಾಯವನ್ನು ನಾವು ಮೆಚ್ಚದಿರಲಾರೆವು.

ಜಪಾನಿನಲ್ಲಿ ಹುಟ್ಟಿದ 'ಯು-ಗಿ-ಓ' ಆಟದಲ್ಲಿ ಎಕ್ಸೋಡಿಯ ಎಂಬ ದೈತ್ಯನಿದ್ದಾನೆ. ತಲೆ, ಎರಡು ಕೈ, ಎರಡು ಕಾಲು ಎಂದು ಅವನ ದೇಹ ಐದು ಎಲೆಗಳಲ್ಲಿ ಹರಿದು ಹಂಚಿಹೋಗಿದೆ, ಜರಾಸಂಧನನ್ನು ನೆನೆದುಕೊಳ್ಳಿರಿ. ಐದೂ ಕೈಯಲ್ಲಿ ಕೂಡಿದೊಡನೆಯೇ ಗೆಲುವು. ಪ್ರತಿಯೊಂದು ಭಾಗಕ್ಕೂ ಒಂದೇ ಪ್ರತಿಯ ಮಿತಿ. 40 ಎಲೆಗಳ ಕಟ್ಟಿನಿಂದ ಮೊದಲು ಐದು ಎಲೆಗಳನ್ನು ಪಡೆಯುವ ಬಗೆಗಳು 6,58,008. ಅವುಗಳಲ್ಲಿ ಒಂದೇ ಒಂದು ಎಕ್ಸೋಡಿಯ. ಆದರೆ ಹತ್ತು ಎಲೆಗಳನ್ನು ಎಳೆದುಕೊಂಡವನಿಗೆ ಈ ಸಂಭವ 2,611ರಲ್ಲಿ ಒಂದಾಗುತ್ತದೆ. ಇಪ್ಪತ್ತನ್ನು ಎಳೆದವನಿಗೆ ಸುಮಾರು 42ರಲ್ಲಿ ಒಂದು. ಆದುದರಿಂದ ಈ ಆಟದಲ್ಲಿ ಜಾಣರು ದೈತ್ಯನಿಗಿಂತ ಹೆಚ್ಚಾಗಿ ಬಯಸುವುದು "ಇನ್ನೆರಡು ಎಲೆ ತೆಗೆದುಕೋ" ಎಂದಷ್ಟೇ ಹೇಳುವ ಸಾದಾ ಎಲೆಗಳನ್ನು. ಅಂಥದೇ ಆದ 'ಪಾಟ್ ಆಫ್ ಗ್ರೀಡ್' ಅಧಿಕೃತ ಸ್ಪರ್ಧೆಗಳಲ್ಲಿ ಬಹುಕಾಲದಿಂದ ನಿಷಿದ್ಧವಾಗಿದೆ. ಅದರಲ್ಲಿ ಕತ್ತಿಯಿಲ್ಲ, ಬೆಂಕಿಯಿಲ್ಲ. ಹಲ್ಲು ಕಿರಿಯುವ ಒಂದು ಗಡಿಗೆಯ ಚಿತ್ರ ಮಾತ್ರ.

ಮಸಗುಪ್ಪಿಯ ತಮ್ಮನಿಗೆ ನಾವು ಹೇಳತಕ್ಕದ್ದು ಇಷ್ಟೆ: ಮುಚ್ಚಿದ ಪೊಟ್ಟಣದಲ್ಲಿ ಏನಿದೆಯೆಂದು ತಿಳಿಯದೆ ಇನ್ನಷ್ಟು ರೊಕ್ಕ ಸುರಿಯುವುದಕ್ಕೆ ಮುಂಚೆ, ಮನೆಯಲ್ಲಿರುವ ಇಸ್ಪೀಟಿನ 52 ಎಲೆಗಳನ್ನೇ ಚೆನ್ನಾಗಿ ಕಲಸಿ ಏಳೇಳು ಎಲೆಗಳನ್ನು ನೂರು ಸಲ ಹಂಚಿ ನೋಡು. ಪ್ರತಿ ಸಲವೂ ಹೊಸದಾಗಿ ಕಲಸಬೇಕು, ಸೋಮಾರಿತನ ಕೂಡದು. ಯಾವುದಾದರೊಂದು ರಾಜನೂ ಯಾವುದಾದರೊಂದು ರಾಣಿಯೂ ಒಟ್ಟಿಗೆ ಬಂದ ಸಲಗಳನ್ನು ಗುರುತುಹಾಕು. ಹದಿನೆಂಟು ಹತ್ತೊಂಬತ್ತರ ಆಸುಪಾಸಿಗೆ ಲೆಕ್ಕ ನಿಲ್ಲಬೇಕು, ನಾಲ್ಕಾರು ಹೆಚ್ಚುಕಡಿಮೆಯಾದರೆ ಗಾಬರಿಯಿಲ್ಲ. ಬಳಿಕ ಒಬ್ಬನೇ ರಾಜನನ್ನೂ ಒಬ್ಬಳೇ ರಾಣಿಯನ್ನೂ ಗೊತ್ತುಮಾಡಿಕೊಂಡು ಮತ್ತೆ ನೂರು ಸಲ ಹಂಚು. ಆ ಜೋಡಿ ಒಂದೋ ಎರಡೋ ಸಲ ಮುಖ ತೋರಿಸೀತು. ಒಮ್ಮೊಮ್ಮೆ ಅದೂ ಇಲ್ಲ.