ಎಫ್ ಕೀಲಿಯ ಮೇಲೊಂದು ಒತ್ತು

ಹದಿನೈದು ವರ್ಷಗಳ ಹಿಂದೆ ಗದಗ ಸೀಮೆಯ ನಮ್ಮ ಮಾಮಾ ಕಳಿಸಿದ್ದ ಒಂದು ಎಸ್ಸೆಮ್ಮೆಸ್ ಇನ್ನೂ ನೆನಪಿದೆ. ಆ ಸಲ ಉಳ್ಳಾಗಡ್ಡಿ ಚೆನ್ನಾಗಿ ಬಂದಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿದ್ದ ಸಂದೇಶವನ್ನು ‘ಬೆಲಿಗೆ ಬೆಲಿ ಇಲ್ಲ’ ಎಂದು ಓದಿಕೊಂಡೆ. ಬೇಲಿಯ ಮಾತೇನೋ ಅನ್ನಿಸಿತು. ಎರಡನೆಯ ಸಲ ಓದಿದಾಗ ಎದೆ ಧಸಕ್ಕೆಂದಿತು. ಮೊದಲನೆಯದು ಬೆಳಿ, ಎರಡನೆಯದು ಬೆಲಿ. ಬೆಳೆದ ಬೆಳೆಗೂ ಅದಕ್ಕೆ ಸಿಗದ ಬೆಲೆಗೂ ಆ ಲಿಪಿಯಲ್ಲಿ ಒಂದೇ ರೂಪ.

ಮಾಮಾನ ಕೈಬರಹ ಮುತ್ತು ಪೋಣಿಸಿದಂತೆ. ಇನ್‌ಲ್ಯಾಂಡ್ ಪತ್ರದ ಮಡಿಕೆಯಂಚಿನಲ್ಲೂ ಒತ್ತಕ್ಷರ ಕೆಡದಂತೆ ಬರೆಯುತ್ತಿದ್ದವರು ‘ಳ’ಕಾರವನ್ನೇ ಬಿಟ್ಟುಕೊಟ್ಟದ್ದು ಸೋಮಾರಿತನದಿಂದಲ್ಲ. ಅವರ ಫೋನಿಗೆ ಕನ್ನಡ ಬರುತ್ತಿರಲಿಲ್ಲ. ಬರುತ್ತಿದ್ದರೂ ದುಬಾರಿಯೇ. ಎಸ್ಸೆಮ್ಮೆಸ್ ಎಂಬುದು 140 ಬೈಟ್‌ಗಳ ಪೊಟ್ಟಣ. ಇಂಗ್ಲಿಷಾದರೆ ಅದರಲ್ಲಿ 160 ಅಕ್ಷರ ಹಿಡಿಸುತ್ತವೆ. ಯೂನಿಕೋಡ್ ಬೇಕಾಗುವ ಕನ್ನಡಕ್ಕೆ 70 ಸಂಕೇತಗಳಷ್ಟೇ. ಆ ಸಂಕೇತವೂ ನಾವು ಎಣಿಸುವ ಅಕ್ಷರವಲ್ಲ. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಯಂತ್ರಕ್ಕೆ ಸ, ತ, ರ, ಅವುಗಳ ನಡುವೆ ಎರಡು ಹಲಂತ, ಕೊನೆಗೊಂದು ದೀರ್ಘ ಸೇರಿ ಆರು. ಸಂದೇಶ ಸ್ವಲ್ಪ ಉದ್ದವಾದರೂ ಒಂದಕ್ಕೆ ಎರಡರ ಲೆಕ್ಕ. ಹೀಗಾಗಿ ಯಾರೂ ಹೇಳಿಕೊಡದೆ, ಯಾವ ಶಾಲೆಗೂ ಹೋಗದೆ, ಒಂದಿಡೀ ತಲೆಮಾರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಕಲಿಯಿತು. ಈಗ ಫೋನಿನ ತುಂಬ ಕನ್ನಡವಿದೆ. ಆ ರೂಢಿ ಮಾತ್ರ ಬೆರಳುಗಳಲ್ಲೇ ಉಳಿದಿದೆ.

ಯಂತ್ರವನ್ನೇ ಕನ್ನಡದ ಕಡೆಗೆ ಬಗ್ಗಿಸಿದವರು ಕಿನ್ನಿಕಂಬಳದ ಕೆ.ಪಿ. ರಾವ್. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಲಿಪಿತಜ್ಞ ಐರಾವತಂ ಮಹಾದೇವನ್ ಅವರೊಂದಿಗೆ ಸಿಂಧೂ ಲಿಪಿಯನ್ನು ಕಂಪ್ಯೂಟರಿಗೆ ತರುವ ಕೆಲಸ ಮಾಡಿದವರು. ಬೆರಳಚ್ಚು ಯಂತ್ರದಲ್ಲಿ ಅಕ್ಷರವನ್ನು ತುಂಡು ತುಂಡಾಗಿ ಜೋಡಿಸಬೇಕಿತ್ತು. ರಾಯರು ಅಕ್ಷರದ ಆಕಾರ ಬಿಟ್ಟು ಉಚ್ಚಾರ ಹಿಡಿದರು. ಕೆ ಕೀಲಿ ಒತ್ತಿದರೆ ಕ. ಶಿಫ್ಟ್ ಹಿಡಿದು ಒತ್ತಿದರೆ ಖ. ಅಲ್ಪಪ್ರಾಣ ಕೆಳಗೆ, ಮಹಾಪ್ರಾಣ ಮೇಲೆ. ಸ್ವರದ ಕೀಲಿ ಒಂಟಿಯಾಗಿದ್ದರೆ ಸ್ವರ, ವ್ಯಂಜನದ ಬೆನ್ನಿಗೆ ಬಂದರೆ ಗುಣಿತ. ಇನ್ನು ಒತ್ತಕ್ಷರಕ್ಕೆ ಎಫ್. ಕೆ, ಎನ್, ಎಫ್, ಎನ್, ಡಬ್ಲ್ಯು: ಐದೇ ಹೊಡೆತಕ್ಕೆ ‘ಕನ್ನಡ’ ಮೂಡುತ್ತದೆ. ಕಂಪ್ಯೂಟರಿನ ಕೀಲಿಮಣೆಯ ಎಫ್ ಮುಟ್ಟಿ ನೋಡಿ, ಅಲ್ಲೊಂದು ಸಣ್ಣ ಉಬ್ಬು ತಾಗುತ್ತದೆ. ಎಡ ತೋರುಬೆರಳು ಕಣ್ಣು ಮುಚ್ಚಿಯೂ ತಲುಪುವ ಜಾಗ ಅದು. ಮಾತು ಮಾತಿಗೂ ಒತ್ತು ಬರುವ ಭಾಷೆಗೆ ಇದಕ್ಕಿಂತ ಒಳ್ಳೆಯ ತಾಣ ಇರಲಾರದು. ಅಜ್ಜಿ ಕಾಗುಣಿತ ಹೇಳಿಕೊಟ್ಟ ಕ್ರಮವೇ ಲೋಹ, ಪ್ಲಾಸ್ಟಿಕ್‌ಗಳ ಒಳಗೆ ಕೂತಿದೆ ಎಂದು ತಿಳಿದ ದಿನ ನನಗಾದ ಹಿಗ್ಗು ಸಣ್ಣದಲ್ಲ.

ರಾಯರು ತಮ್ಮ ‘ಸೇಡಿಯಾಪು’ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇದೇ ವಿನ್ಯಾಸವನ್ನು ಸರ್ಕಾರಿ ಕಚೇರಿಗಳಿಗೆ ಒಯ್ದಿತು. 1998ರಲ್ಲಿ ಬಂದ ಶೇಷಾದ್ರಿ ವಾಸು ಅವರ ‘ಬರಹ’ ಇಂಗ್ಲಿಷ್ ಅಕ್ಷರ ರೂಢಿಯಾದವರ ಕೈಹಿಡಿಯಿತು. ಒಂದು ಸಂಕಟ ಉಳಿದಿದೆ. ಯೂನಿಕೋಡ್ ರೂಢಿಯಾಗುವ ಮೊದಲು ಹಳೆಯ ಫಾಂಟ್‌ಗಳಲ್ಲಿ ಟೈಪಾದ ಕಡತ, ಕಥೆ, ಪ್ರಬಂಧಗಳನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗೀಟುಗಳ ಸಾಲು. ಹುಡುಕಿದರೆ ಸಿಗುವುದಿಲ್ಲ. ಓಲೆಗರಿಗೆ ಎಣ್ಣೆ ಹಚ್ಚಿ ಕಾಪಾಡಿದ ನಾಡು ಇವನ್ನು ಗೆದ್ದಲಿಗೆ ಬಿಡಬಾರದು. ಪರಿವರ್ತಕಗಳಿವೆ, ಕುಳಿತು ಮಾಡುವ ಜನ ಬೇಕು.

ಮಾಮಾಗೆ ಈಗ ಎಪ್ಪತ್ತು ದಾಟಿದೆ. ಟೈಪಿಸುವುದಿಲ್ಲ, ಅವರು ಹೇಳುತ್ತಾರೆ, ಫೋನು ಬರೆಯುತ್ತದೆ. ಹೋದ ದೀಪಾವಳಿಗೆ ಹೋದಾಗ ಕಟ್ಟೆಯ ಮೇಲೆ ಕೂತು ಮಗನಿಗೆ ಸಂದೇಶ ಕಳಿಸುತ್ತಿದ್ದರು. ‘ನಾಳಿ ಸಂತಿಗೆ ಹೊಂಟೇನಿ’ ಎಂದರು. ಫೋನು ಇನ್ನೇನೋ ಬರೆಯಿತು. ಮತ್ತೊಮ್ಮೆ ಬಿಡಿಸಿ ಹೇಳಿದರು, ಮತ್ತೆ ತಪ್ಪು. ಮೂರನೆಯ ಸಲ ಗಂಟಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಪಾಠ ಒಪ್ಪಿಸುವ ಹುಡುಗನಂತೆ ‘ನಾಳೆ ಸಂತೆಗೆ ಹೋಗುತ್ತೇನೆ’ ಎಂದರು. ಒಂದು ತಪ್ಪೂ ಇಲ್ಲದೆ ಮೂಡಿತು. ಫೋನು ಕಿಸೆಗಿಟ್ಟು, ಒಳಗಿದ್ದ ಅತ್ತೆಗೆ ಕೂಗಿ ಹೇಳುವಾಗ ‘ಹೊಂಟೇನಿ’ ಎಂದೇ ಬಂತು.