ಕಬ್ಬು ಕಡಿಯೋ ಗ್ಯಾಂಗ್ ಯಾಕೆ ಸಿಗ್ತಿಲ್ಲ? ಇಲ್ಲಿದೆ ಪೂರ್ಣ ಲೆಕ್ಕ

ಹತ್ತರಗಿ: ಕಾರ್ಖಾನೆ ಶುರುವಾದರೆ ಸಾಕು, ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕಿನ ರೈತರ ಬಾಯಲ್ಲಿ ಒಂದೇ ಮಾತು: ‘ಗ್ಯಾಂಗ್ ಸಿಕ್ತೇನು?’ ಹಿಡಕಲ್ ಜಲಾಶಯದ ನೀರು ಹೊಲಕ್ಕೆ ಬಂದ ಮೇಲೆ ಕಬ್ಬು ಹೆಚ್ಚಾಯಿತು. ಕಡಿಯುವ ಕೈಗಳು ಮಾತ್ರ ಹೊರಗಿನಿಂದಲೇ ಬರಬೇಕು.

ಯಾರು ಬರ್ತಾರೆ?

ಮಹಾರಾಷ್ಟ್ರದ ಬೀಡ್ ಕಡೆಯವರು, ವಿಜಯಪುರದಂಥ ಒಣಭೂಮಿಯವರು. ಹೆಚ್ಚಾಗಿ ಗಂಡ-ಹೆಂಡತಿ ಜೋಡಿಯಾಗಿ ಬರ್ತಾರೆ. ಗ್ಯಾಂಗಿನ ಮುಖಂಡ ಮಳೆಗಾಲದಲ್ಲೇ ಮುಂಗಡ ಕೊಟ್ಟಿರುತ್ತಾನೆ. ಕೂಲಿ ದಿನದ ಲೆಕ್ಕವಲ್ಲ, ಟನ್ ಲೆಕ್ಕ. ಹೆಂಗಸರ ದುಡಿಮೆಯೂ ಜೋಡಿಯ ಲೆಕ್ಕದಲ್ಲೇ ಕರಗಿ ಹೋಗುತ್ತದೆ.

ಊರಿನವರು ಯಾಕಿಲ್ಲ?

ಹತ್ತರಗಿ ರಾಷ್ಟ್ರೀಯ ಹೆದ್ದಾರಿ ಮೇಲಿದೆ. ಬೆಳಗಾವಿಯ ಫೌಂಡ್ರಿ, ಕಾಗಲದ ಕೈಗಾರಿಕಾ ಪ್ರದೇಶಕ್ಕೆ ದಾರಿ ಸಲೀಸು. ಅಲ್ಲಿ ತಿಂಗಳ ಪಗಾರ ಉಂಟು. ಕಬ್ಬಿನ ಕೆಲಸವಾದರೆ ಕೆಲವೇ ತಿಂಗಳು, ಅದೂ ರವದಿಯಲ್ಲಿ ಮೈ ಕೊಯ್ಸಿಕೊಂಡು.

ರೈತರಿಗೆ ಏನು ಪೆಟ್ಟು?

ಕೇಂದ್ರ ಸರ್ಕಾರ 2025-26ಕ್ಕೆ ಶೇ. 10.25 ಇಳುವರಿಗೆ ನಿಗದಿ ಮಾಡಿದ ಎಫ್‌ಆರ್‌ಪಿ ಟನ್‌ಗೆ 3,550 ರೂ. ಇದು ಕಾರ್ಖಾನೆ ಗೇಟಿನ ದರ; ಕಟಾವು, ಸಾಗಣೆ ವೆಚ್ಚ ಇದರಲ್ಲೇ ಮುರಿದುಕೊಳ್ತಾರೆ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್‌ಗೆ 3,500 ರೂ. ಕೇಳಿ ಕುಳಿತಿದ್ದರ ಹಿಂದೆ ಈ ಲೆಕ್ಕವೂ ಇತ್ತು. ಗ್ಯಾಂಗ್ ತಡವಾದರೆ ಕಬ್ಬು ಒಣಗಿ ತೂಕ ಇಳಿಯುತ್ತದೆ. ಪಾಳಿ ತಪ್ಪಬಾರದೆಂದು ರೈತ ಕೈಯಿಂದ ಮೇಲೆ ಮತ್ತಷ್ಟು ಕೊಡ್ತಾನೆ. ಆ ದುಡ್ಡಿಗೆ ರಸೀದಿ ಇರಲ್ಲ.

ಯಂತ್ರ ಬಂದರೆ?

ಕಟಾವು ಯಂತ್ರಕ್ಕೆ ಅಗಲ ಸಾಲು, ತಿರುಗಲು ಜಾಗ ಬೇಕು. ಎಕರೆ, ಅರ್ಧ ಎಕರೆ ತುಂಡು ಹೊಲಗಳಿಗೆ ಅದು ಒಗ್ಗುವುದು ಕಷ್ಟ. ನಾಟಿ ಮಾಡುವಾಗಲೇ ನಾಲ್ಕೈದು ಅಡಿ ಸಾಲು ಬಿಟ್ಟು, ಅಕ್ಕಪಕ್ಕದವರು ಕೂಡಿ ಒಂದೇ ಸಲ ಕಡಿಸಿದರೆ ದಾರಿ ಇದೆ.

ಇಬ್ಬರಿಗೂ ಗೊತ್ತಿರಲಿ

* ಕಬ್ಬು ಕೊಟ್ಟ 14 ದಿನದಲ್ಲಿ ಬಿಲ್ ಪಾವತಿಯಾಗಬೇಕು ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ.
* ಮುಂಗಡ ತೀರಿಲ್ಲ ಅಂತ ಕೂಲಿಕಾರರನ್ನು ಕೂಡಿಹಾಕಿ ದುಡಿಸುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ.
* ಮುಂಗಡ, ಟನ್ ದರ, ಕಡಿತ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಜಗಳ ಬಂದಾಗ ಬಾಯಿಮಾತು ನಿಲ್ಲುವುದಿಲ್ಲ, ಚೀಟಿ ನಿಲ್ಲುತ್ತದೆ.