ಲಿಂಡಿ ಹಾಪ್‌: ಪೋಸ್ಟ್‌ ಆಫೀಸಿನಿಂದ ವಾಪಸ್‌ ಬಂದ ಕುಣಿತ

ಇವತ್ತು ನ್ಯೂಯಾರ್ಕ್‌ನ ಹಾರ್ಲೆಮ್‌ಗೆ ಹೋಗೋಣ. 1926ರಲ್ಲಿ ಅಲ್ಲಿ ಸವಾಯ್‌ ಬಾಲ್‌ರೂಮ್‌ ಶುರುವಾಯ್ತು. ಕಪ್ಪು ಜನರು, ಬಿಳಿಯರು ಒಟ್ಟಿಗೇ ಕುಣಿಯಬಹುದಾಗಿದ್ದ, ಆ ಕಾಲಕ್ಕೆ ಅಪರೂಪದ ಜಾಗ. ಲಿಂಡಿ ಹಾಪ್‌ ಅನ್ನೋ ಜೋಡಿ ನೃತ್ಯ ಬೆಳೆದಿದ್ದು ಇಲ್ಲೇ.

ಇದರ ಜೀವ ಇರೋದು ಲೈವ್‌ ಬ್ಯಾಂಡ್‌ನಲ್ಲಿ. ವಾದ್ಯದವರು ಕುಣಿಯೋರನ್ನ ನೋಡ್ತಾ ನುಡಿಸ್ತಾರೆ, ಕುಣಿಯೋರು ಡ್ರಮ್‌ ಪೆಟ್ಟು ಕೇಳಿ ಅಲ್ಲೇ ಹೆಜ್ಜೆ ಕಟ್ತಾರೆ. ಸವಾಯ್‌ನಲ್ಲಿ ಆ ಡ್ರಮ್‌ ಚಿಕ್‌ ವೆಬ್‌ ಅವರದು.

ಆಮೇಲೆ ಜನರ ರುಚಿ ಬದಲಾಯ್ತು. 1958ರಲ್ಲಿ ಸವಾಯ್‌ ಮುಚ್ಚಿತು. ಅಷ್ಟರಲ್ಲಿ ಅಲ್ಲಿನ ದೊಡ್ಡ ನೃತ್ಯಗಾರ ಫ್ರಾಂಕಿ ಮ್ಯಾನಿಂಗ್‌ ಪೋಸ್ಟ್‌ ಆಫೀಸಿನಲ್ಲಿ ಕೆಲಸಕ್ಕೆ ಸೇರಿಬಿಟ್ಟಿದ್ದರು!

1980ರ ದಶಕದಲ್ಲಿ ಹಳೆ ಸಿನಿಮಾಗಳಲ್ಲಿ ಲಿಂಡಿ ಹಾಪ್‌ ನೋಡಿದ ಯುವಕರು ಅವರನ್ನ ಹುಡುಕಿಕೊಂಡು ಬಂದರು. ಎಪ್ಪತ್ತು ದಾಟಿದ್ದ ಮ್ಯಾನಿಂಗ್‌ ಮತ್ತೆ ಕಲಿಸೋಕೆ ನಿಂತರು. 2009ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಎಷ್ಟೋ ದೇಶಗಳಲ್ಲಿ ಅವರ ಶಿಷ್ಯರಿದ್ದರು. ನ್ಯೂಯಾರ್ಕ್‌ನಲ್ಲಿ ಇವತ್ತೂ ಜನ ಲೈವ್‌ ಬ್ಯಾಂಡ್‌ಗೆ ಲಿಂಡಿ ಹಾಪ್‌ ಕುಣೀತಾರೆ.

ವಿಡಿಯೊ ಇದ್ದರೆ ಸಾಕು, ಕಲೆ ಉಳಿಯುತ್ತೆ ಅಂತ ನಾನೂ ಅಂದ್ಕೊಂಡಿದ್ದೆ. ಆದ್ರೆ ವಿಡಿಯೊ ದಾರಿ ತೋರಿಸಿತು ಅಷ್ಟೇ. ಕೈ ಹಿಡಿದು ಕಲಿಸೋಕೆ ಮನುಷ್ಯರೇ ಬೇಕಾಯ್ತು.

ಇವತ್ತು ಚಿಕ್‌ ವೆಬ್‌ ಅವರ ಒಂದು ಟ್ರ್ಯಾಕ್‌ ಕೇಳಿ ನೋಡಿ. ಕಾಲು ಸುಮ್ಮನಿದ್ದರೆ ನನಗೆ ಹೇಳಿ!